ಜನವರಿ ಬಿಡಿ, ನವೆಂಬರ್ ನೋಡಿ

ಅಮೆರಿಕದ ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ನ ಹೊಸ ವೇಳಾಪಟ್ಟಿ ಬಂದಾಗ ನಾನು ಕಾನ್ಫರೆನ್ಸ್ ಪಂದ್ಯಗಳ ಮೇಲೆ ಕಣ್ಣೇ ಹಾಯಿಸುವುದಿಲ್ಲ. ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಲೀಗ್ ಆಡುವ ಕಾಲೇಜುಗಳ ಗುಂಪು. ಮೊದಲು ಉಳಿದವನ್ನು ಓದುತ್ತೇನೆ. ನಮ್ಮ ಮನೆಯವರಿಗೆ ಇದು ವಿಚಿತ್ರ. "ನಿಜವಾದ ಪೈಪೋಟಿ ಇರೋದೇ ಕಾನ್ಫರೆನ್ಸ್‌ನಲ್ಲಿ ಅಲ್ವಾ?" ಅನ್ನುತ್ತಾರೆ. ಇರಬಹುದು. ಆದರೆ ಅದು ಕಡ್ಡಾಯದ ಆಟ. ಬಿಗ್ ಟೆನ್ ಅನ್ನುವ ಕಾನ್ಫರೆನ್ಸ್‌ನಲ್ಲಿದ್ದರೆ 18 ಪಂದ್ಯ, ಎಸ್‌ಇಸಿ ಅನ್ನುವುದರಲ್ಲಿದ್ದರೆ 16. ಯಾರ ಜೊತೆ, ಎಲ್ಲಿ, ಯಾವತ್ತು ಅಂತ ಕಾನ್ಫರೆನ್ಸ್‌ನವರು ಬರೆದುಕೊಡುತ್ತಾರೆ, ಕಾಲೇಜಿನವರು ಆಡುತ್ತಾರೆ. ಉಳಿದ, ಹೆಚ್ಚಾಗಿ ನವೆಂಬರ್-ಡಿಸೆಂಬರ್‌ನಲ್ಲಿ ಬರುವ, ಒಂದು ಡಜನ್‌ನಷ್ಟು ಪಂದ್ಯಗಳನ್ನು ಮಾತ್ರ ಕಾಲೇಜುಗಳು ತಾವೇ ಮಾತಾಡಿ ಗೊತ್ತು ಮಾಡಿಕೊಳ್ಳಬೇಕು. ಒಬ್ಬ ಕೋಚ್‌ಗೆ ಎಷ್ಟು ಗುಂಡಿಗೆ ಇದೆ ಅಂತ ತಿಳಿಯುವುದು ಅಲ್ಲಿ.

ಈ ಮಾತುಕತೆ ಹೆಚ್ಚಾಗಿ ಮೂರು ಥರ ನಡೆಯುತ್ತದೆ. ಈ ವರ್ಷ ನೀವು ನಮ್ಮಲ್ಲಿಗೆ ಬನ್ನಿ, ಮುಂದಿನ ವರ್ಷ ನಾವು ಬರುತ್ತೇವೆ ಅನ್ನುವುದು ಒಂದು. ಇಬ್ಬರಿಗೂ ಸೇರದ ಮೂರನೇ ಊರಲ್ಲಿ ಆಡುವುದು ಇನ್ನೊಂದು. 2023ರ ನವೆಂಬರ್‌ನಲ್ಲಿ ಐಯೋವಾ ಮತ್ತು ವರ್ಜೀನಿಯಾ ಟೆಕ್ ಹೀಗೆ ಷಾರ್ಲೆಟ್‌ನಲ್ಲಿ ಆಡಿದವು. ಐಯೋವಾದ ಕೇಟ್ಲಿನ್ ಕ್ಲಾರ್ಕ್ 44 ಅಂಕ ಹೊಡೆದು 80-76ರಲ್ಲಿ ಗೆಲ್ಲಿಸಿದ ಪಂದ್ಯ ಅದು. ಅದೇ ವಾರ ಸೌತ್ ಕ್ಯಾರೊಲಿನಾ ಮತ್ತು ನೋಟರ್ ಡೇಮ್ ಪ್ಯಾರಿಸ್‌ಗೇ ಹೋಗಿ ಆಡಿ ಬಂದವು! ಮೂರನೆಯದು ದುಡ್ಡು ಕೊಟ್ಟು ಕರೆಸುವುದು. ದೊಡ್ಡ ಕಾಲೇಜು ಸಣ್ಣ ಕಾಲೇಜಿಗೆ ಇಷ್ಟು ಅಂತ ಕೊಡುತ್ತದೆ, ಅವರು ಬಂದು ಆಡಿ, ಸಾಮಾನ್ಯವಾಗಿ ಸೋತು, ಹೋಗುತ್ತಾರೆ. ಇವರು ತಿರುಗಿ ಅವರ ಊರಿಗೆ ಹೋಗುವ ಮಾತೇ ಇಲ್ಲ. ಸಣ್ಣವರ ಕ್ರೀಡಾ ಖರ್ಚಿಗೆ ಅದೊಂದು ಆಸರೆ, ತಪ್ಪೇನಿಲ್ಲ. ಆದರೆ ನವೆಂಬರ್ ಪೂರ್ತಿ ಅದನ್ನೇ ತುಂಬಿಸಿದ ತಂಡ ಕಂಡರೆ ನನಗೆ ಸಿಟ್ಟು ಬರುತ್ತದೆ.

ನಾನಿರುವುದು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಪಕ್ಕ. ಈ ಊರಿನ ಐಸ್ ಹಾಕಿ ತಂಡ ವೇಲರ್ಸ್ 1997ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಹಾಗಾಗಿ ಚಳಿಗಾಲದಲ್ಲಿ ಇಲ್ಲಿನವರಿಗೆ ಯೂಕಾನ್, ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ, ಬಿಟ್ಟರೆ ಬೇರೆ ಮಾತಿಲ್ಲ. ಅಂಗಡಿಯಲ್ಲಿ ಬಿಲ್ ಹಾಕುವ ಅಜ್ಜಿಯೂ ನಿನ್ನೆಯ ರೀಬೌಂಡ್ ಬಗ್ಗೆ ಮಾತಾಡುತ್ತಾರೆ. ನಾನು ಬಂದ ಹೊಸದರಲ್ಲಿ ಯೂಕಾನ್ ಎಎಸಿ ಅನ್ನುವ ಕಾನ್ಫರೆನ್ಸ್‌ನಲ್ಲಿತ್ತು. ಅಲ್ಲಿ ಏಳು ಸೀಸನ್‌ನಲ್ಲಿ ಒಂದೇ ಒಂದು ಕಾನ್ಫರೆನ್ಸ್ ಪಂದ್ಯವನ್ನೂ ಸೋಲಲಿಲ್ಲ. ಓದೋಕೆ ಚೆನ್ನಾಗಿದೆ. ನೋಡೋಕೆ? ಹಾಫ್ ಟೈಮ್‌ಗೆ ಮೂವತ್ತು ಅಂಕ ಮುಂದೆ. ಆಮೇಲೆ ಸುಮ್ನೆ ಗಡಿಯಾರ ನೋಡುತ್ತಾ ಕೂರುವುದು. ಕಾನ್ಫರೆನ್ಸ್ ಆಚೆಯ ಪಂದ್ಯಗಳ ಹುಚ್ಚು ನನಗೆ ಹಿಡಿದದ್ದು ಆಗಲೇ. ಕೋಚ್ ಜೀನೋ ಆರಿಯೆಮ್ಮಾ ತಂಡವನ್ನು ನಿಜವಾಗಿ ಪರೀಕ್ಷೆಗೆ ಇಡುತ್ತಿದ್ದದ್ದು ಅಲ್ಲಿ ಮಾತ್ರ.

ಈ ವಿಷಯ ಬಂದರೆ 1995ರ ಕಥೆ ಹೇಳದೆ ಇರಲು ನನಗಾಗುವುದಿಲ್ಲ. ಆಗ ಟೆನೆಸ್ಸಿ ಅಂದರೆ ಮಹಿಳಾ ಬಾಸ್ಕೆಟ್‌ಬಾಲ್‌ನ ಹಿರಿಯಕ್ಕ. ಕೋಚ್ ಪ್ಯಾಟ್ ಸಮಿಟ್ ಅಷ್ಟರಲ್ಲಾಗಲೇ ಮೂರು ಸಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಿದ್ದರು. ಯೂಕಾನ್ ಇನ್ನೂ ಒಂದನ್ನೂ ಗೆದ್ದಿರಲಿಲ್ಲ. ಟೀವಿಯವರಿಗೆ ಮಾರ್ಟಿನ್ ಲೂಥರ್ ಕಿಂಗ್ ರಜೆಯ ದಿನಕ್ಕೆ ಒಂದು ದೊಡ್ಡ ಪಂದ್ಯ ಬೇಕಿತ್ತು. ಟೆನೆಸ್ಸಿ ಯೂಕಾನ್‌ನ ಸ್ವಂತ ಅಂಗಳಕ್ಕೆ ಬಂದು ಆಡಬೇಕು. ಸಮಿಟ್‌ಗೆ ಇದರಿಂದ ಏನು ಲಾಭ? ಗೆದ್ದರೆ ಗೆಲ್ಲಲೇಬೇಕಿತ್ತು ಅನ್ನುತ್ತಾರೆ, ಸೋತರೆ ಮಾನ ಹೋಗುತ್ತದೆ. ಅದೂ ಸೀಸನ್ ಮಧ್ಯದಲ್ಲಿ, ತಮ್ಮ ಕಾನ್ಫರೆನ್ಸ್ ಪಂದ್ಯಗಳ ನಡುವೆ. ಆದರೂ ಒಪ್ಪಿದರು. ಆಟಕ್ಕೆ ಒಳ್ಳೆಯದಾಗುತ್ತದೆ ಅನ್ನುವುದಷ್ಟೇ ಅವರ ಲೆಕ್ಕ.

ಜನವರಿ 16, ಯೂಕಾನ್‌ನ ಊರು ಸ್ಟಾರ್ಸ್‌ನಲ್ಲಿರುವ ಗ್ಯಾಂಪಲ್ ಪೆವಿಲಿಯನ್. ಟೆನೆಸ್ಸಿ ಒಂದನೇ ರ‍್ಯಾಂಕ್, ಯೂಕಾನ್ ಎರಡನೇ ರ‍್ಯಾಂಕ್. ಎಪಿ ಸುದ್ದಿಸಂಸ್ಥೆಯ ಆ ವಾರದ ರ‍್ಯಾಂಕ್ ಪಟ್ಟಿಯನ್ನು ಪಂದ್ಯ ಮುಗಿಯುವ ತನಕ ತಡೆದು ಹಿಡಿದಿದ್ದರು. ಯೂಕಾನ್ 77-66ರಲ್ಲಿ ಗೆದ್ದಿತು, ಮೊದಲ ಸಲ ಒಂದನೇ ಸ್ಥಾನಕ್ಕೆ ಏರಿತು. ಏಪ್ರಿಲ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಮತ್ತೆ ಅದೇ ಟೆನೆಸ್ಸಿ ಎದುರಾಯಿತು. 70-64. ಆ ಸೀಸನ್ ಯೂಕಾನ್ 35 ಪಂದ್ಯ ಆಡಿ 35ನ್ನೂ ಗೆದ್ದಿತು. ಇವತ್ತು ಈ ರಾಜ್ಯದಲ್ಲಿ ಕಾಣುವ ಹುಚ್ಚು ಶುರುವಾದದ್ದು ಆ ವರ್ಷ ಅಂತ ಇಲ್ಲಿನ ಹಳಬರೆಲ್ಲ ಹೇಳುತ್ತಾರೆ. ನನ್ನನ್ನು ಕೇಳಿದರೆ ಅದರಲ್ಲಿ ಅರ್ಧ ಪಾಲು ಸಮಿಟ್ ಅವರದು.

ಆ ಜನವರಿ ಪಂದ್ಯದಿಂದ ಹಿಡಿದು 2007ರವರೆಗೆ ಎರಡೂ ತಂಡ ಒಟ್ಟು 22 ಸಲ ಆಡಿದವು. ಯೂಕಾನ್ 13, ಟೆನೆಸ್ಸಿ 9. ನಾಲ್ಕು ಫೈನಲ್ ಅದರಲ್ಲಿ ಸೇರಿವೆ, ನಾಲ್ಕನ್ನೂ ಯೂಕಾನ್ ಗೆದ್ದಿದೆ. ಕೋಚ್‌ಗಳಿಬ್ಬರ ನಡುವೆ ಮಾತು ಕಹಿಯಾಗುತ್ತಾ ಹೋಯಿತು. 2007ರಲ್ಲಿ ಸಮಿಟ್ ಇನ್ನು ಸಾಕು ಅಂದರು. ಇದರಿಂದ ನಮಗೆ ಆದ ನಷ್ಟ ಏನು ಗೊತ್ತಾ? ಟೆನೆಸ್ಸಿಯಲ್ಲಿ ಕ್ಯಾಂಡೇಸ್ ಪಾರ್ಕರ್ ಕೊನೆಯ ವರ್ಷ, ಯೂಕಾನ್‌ನಲ್ಲಿ ಮಾಯಾ ಮೂರ್ ಮೊದಲ ವರ್ಷ. 2008ರ ಸೆಮಿಫೈನಲ್‌ನಲ್ಲಿ ಯೂಕಾನ್ ಸ್ಟ್ಯಾನ್‌ಫರ್ಡ್‌ಗೆ ಸೋತಿತು, ಫೈನಲ್‌ನಲ್ಲಿ ಟೆನೆಸ್ಸಿ ಸ್ಟ್ಯಾನ್‌ಫರ್ಡನ್ನು ಸೋಲಿಸಿತು. ಒಂದೇ ಒಂದು ಗೆಲುವಿನ ಅಂತರದಲ್ಲಿ ತಪ್ಪಿಹೋಯಿತು. ಪಾರ್ಕರ್ ಮತ್ತು ಮೂರ್ ಕಾಲೇಜಿನಲ್ಲಿ ಎದುರುಬದುರು ಆಡಲೇ ಇಲ್ಲ. ಆ ಜೋಡಿಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಎರಡು ತಂಡ ಮತ್ತೆ ಆಡಲು ಶುರು ಮಾಡಿದ್ದು 2020ರಲ್ಲಿ, ಇದೇ ಹಾರ್ಟ್‌ಫರ್ಡ್‌ನಲ್ಲಿ. ಸಮಿಟ್ ಅಷ್ಟರಲ್ಲಿ ತೀರಿಕೊಂಡು ಮೂರೂವರೆ ವರ್ಷವಾಗಿತ್ತು.

ನನ್ನ ವಾದಕ್ಕೆ ಪುರಾವೆ ಬೇಕು ಅನ್ನುವವರು 2024-25ರ ಯೂಕಾನ್ ಲೆಕ್ಕ ನೋಡಿ. 37 ಗೆಲುವು, 3 ಸೋಲು. ತಮ್ಮ ಬಿಗ್ ಈಸ್ಟ್ ಕಾನ್ಫರೆನ್ಸ್‌ನಲ್ಲಿ ಸೋತದ್ದು ಸೊನ್ನೆ. ಮೂರೂ ಸೋಲು ತಾವಾಗಿಯೇ ಒಪ್ಪಿಕೊಂಡು ಆಡಿದ ಪಂದ್ಯಗಳಲ್ಲಿ. ನೋಟರ್ ಡೇಮ್‌ಗೆ 79-68, ಯುಎಸ್‌ಸಿಗೆ 72-70, ಟೆನೆಸ್ಸಿಗೆ 80-76. ಸುಲಭದ ಎದುರಾಳಿಗಳನ್ನು ಕರೆಸಿಕೊಂಡಿದ್ದರೆ ಒಂದೂ ಸೋಲಿಲ್ಲದೆ ಮಾರ್ಚ್‌ನ ರಾಷ್ಟ್ರೀಯ ಟೂರ್ನಿ ತಲುಪಬಹುದಿತ್ತು.

ಯುಎಸ್‌ಸಿ ಪಂದ್ಯಕ್ಕೆ ನಾನು ಮಗಳ ಜೊತೆ ಹೋಗಿದ್ದೆ. ಡಿಸೆಂಬರ್ 21, ಕ್ರಿಸ್‌ಮಸ್ ಮುಂಚಿನ ಶನಿವಾರ, ಹೊರಗೆ ಕಿವಿ ಕತ್ತರಿಸುವ ಚಳಿ. ಯುಎಸ್‌ಸಿಯ ಜೂಜೂ ವಾಟ್ಕಿನ್ಸ್ ಆಟವನ್ನು ಟೀವಿಯಲ್ಲಿ ನೋಡಿದ್ದೇ ಬೇರೆ. ಎದುರಿಗೆ ಕೂತು ನೋಡಿದಾಗ ಅವಳು ಅವಸರವೇ ಪಡುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. ಎರಡು ಹೆಜ್ಜೆ ನಿಧಾನಕ್ಕೆ, ಮೂರನೆಯದರಲ್ಲಿ ಡಿಫೆಂಡರ್ ಹಿಂದೆ ಉಳಿದಿರುತ್ತಾಳೆ. 25 ಅಂಕ. ನಮ್ಮವರು ಮೊದಲರ್ಧದಲ್ಲಿ ತುಂಬಾ ಹಿಂದೆ ಬಿದ್ದು, ಆಮೇಲೆ ಒಂದೊಂದೇ ಬುಟ್ಟಿ ಕಡಿಮೆ ಮಾಡುತ್ತಾ ಬಂದರು. ಕೊನೆಯ ಕ್ವಾರ್ಟರ್‌ನಲ್ಲಿ ನಮ್ಮ ಸಾಲಿನಲ್ಲಿ ಯಾರೂ ಕೂತಿರಲಿಲ್ಲ. ಎರಡು ಅಂಕದಲ್ಲಿ ಸೋತೆವು. ಮಗಳು ಕಾರಿನಲ್ಲಿ ಮಾತೇ ಆಡಲಿಲ್ಲ, ಮನೆ ಮುಟ್ಟಿದ ಮೇಲೆ "ಅವರ ಜೊತೆ ಮತ್ತೆ ಯಾವಾಗ ಆಟ?" ಅಂದಳು. ಮಾರ್ಚ್ 31ಕ್ಕೆ ಆಯಿತು, ಸ್ಪೊಕೇನ್‌ನಲ್ಲಿ, ರಾಷ್ಟ್ರೀಯ ಟೂರ್ನಿಯಲ್ಲಿ ಎಂಟೇ ತಂಡ ಉಳಿಯುವ ಎಲೀಟ್ ಎಯ್ಟ್ ಹಂತದಲ್ಲಿ. ಯೂಕಾನ್ 78-64ರಲ್ಲಿ ಗೆದ್ದಿತು. ಆದರೆ ವಾಟ್ಕಿನ್ಸ್ ಎರಡನೇ ಸುತ್ತಿನಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗಿದ್ದಳು. ಆ ಗೆಲುವಿನ ರುಚಿ ಸ್ವಲ್ಪ ಸಪ್ಪೆ. ಡಿಸೆಂಬರ್ ಪಂದ್ಯವೇ ನನಗೆ ಜಾಸ್ತಿ ಇಷ್ಟ.

ಟೆನೆಸ್ಸಿಗೆ ಸೋತ ಹತ್ತು ದಿನಕ್ಕೆ ಯೂಕಾನ್ ಸೌತ್ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾ ಊರಿಗೆ ಹೋಯಿತು. ಅಲ್ಲಿ ಕೋಚ್ ಡಾನ್ ಸ್ಟೇಲಿಯವರ ಸೌತ್ ಕ್ಯಾರೊಲಿನಾ ತನ್ನ ಅಂಗಳದಲ್ಲಿ ಸತತ 71 ಪಂದ್ಯ ಗೆದ್ದು ಕೂತಿತ್ತು. ಯೂಕಾನ್ 87-58ರಲ್ಲಿ ಸದೆಬಡಿಯಿತು. ಏಪ್ರಿಲ್ ಫೈನಲ್‌ನಲ್ಲೂ ಅದೇ ಎದುರಾಳಿ, 82-59. ಇಲ್ಲಿ ಸ್ಟೇಲಿಯವರ ಬಗ್ಗೆ ಒಂದು ಮಾತು. ಫೆಬ್ರವರಿಯಲ್ಲಿ ಇಂಥ ತಂಡವನ್ನು ಮನೆಗೆ ಕರೆಯುವ ಅಗತ್ಯ ಅವರಿಗೆ ಇರಲಿಲ್ಲ. ಅವರಿರುವ ಎಸ್‌ಇಸಿಯೇನೂ ಸುಲಭದ ಕಾನ್ಫರೆನ್ಸ್ ಅಲ್ಲ. ಆದರೂ ಕರೆದರು. ನನಗೆ ಸ್ಟೇಲಿ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು.

ಕಡ್ಡಾಯದ ಪಂದ್ಯಗಳೆಲ್ಲ ಸಪ್ಪೆ ಅಂತಲ್ಲ. ಅದೇ ಸೀಸನ್‌ನಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಮೂರು ಸಲ ಆಡಿದವು. ಮೊದಲ ಸಲ 23 ಪಂದ್ಯ ಸೋಲದೆ ಬಂದಿದ್ದ ಯುಸಿಎಲ್‌ಎಯನ್ನು ವಾಟ್ಕಿನ್ಸ್ 38 ಅಂಕ, 8 ಬ್ಲಾಕ್‌ನಿಂದ ಮಣಿಸಿದಳು. ಎರಡನೆಯದೂ ಯುಎಸ್‌ಸಿಗೆ. ಮೂರನೆಯದು, ಬಿಗ್ ಟೆನ್ ಟೂರ್ನಿಯ ಫೈನಲ್, ಯುಸಿಎಲ್‌ಎಗೆ. ಒಂದೇ ಊರಿನ ಎರಡು ಕಾಲೇಜು ಆ ಕಪ್ಪಿಗೆ ಇಂಡಿಯಾನಾಪೊಲಿಸ್‌ಗೆ ಹೋಗಿ ಆಡಬೇಕಾಯಿತು! ಇಬ್ಬರೂ ಮೊದಲಿದ್ದ ಪ್ಯಾಕ್-12 ಕಾನ್ಫರೆನ್ಸ್ ಒಡೆದುಹೋಗಿ ಬಿಗ್ ಟೆನ್ ಸೇರಿದ ಮೇಲೆ ಬಂದ ಅವಸ್ಥೆ ಇದು. ಲಾಸ್ ಏಂಜಲೀಸ್ ಹುಡುಗಿಯರು ಕಾನ್ಫರೆನ್ಸ್ ಪಂದ್ಯಕ್ಕೆ ನ್ಯೂಜೆರ್ಸಿ ತನಕ ಹಾರುತ್ತಾರೆ. ಮರುದಿನ ಕ್ಲಾಸಿಗೆ ಹೇಗೆ ಕೂರುತ್ತಾರೋ.

"ಗಟ್ಟಿ ತಂಡದ ಕೈಲಿ ಸೋತರೆ ಟೂರ್ನಿಗೆ ಆಯ್ಕೆ ಮಾಡುವಾಗ ತೊಂದರೆ ಆಗಲ್ವಾ?" ಅಂತ ಮನೆಯವರ ಇನ್ನೊಂದು ಪ್ರಶ್ನೆ. 68 ತಂಡಗಳನ್ನು ಆರಿಸುವ ಸಮಿತಿ ಎದುರಾಳಿಗಳ ತೂಕವನ್ನೂ ನೋಡುತ್ತದೆ. ಮೊದಲ 16 ತಂಡಗಳಿಗೆ ಆರಂಭದ ಎರಡು ಸುತ್ತು ತಮ್ಮ ಅಂಗಳದಲ್ಲೇ ಆಡುವ ಭಾಗ್ಯ. ಅದಕ್ಕೆ ಬರೀ ಗೆಲುವಿನ ಸಂಖ್ಯೆ ಸಾಲದು. ಹಾಗಿದ್ದೂ ಕೆಲವು ದೊಡ್ಡ ಕಾಲೇಜುಗಳು ನವೆಂಬರ್‌ನಲ್ಲಿ ಅರವತ್ತು ಅಂಕದಲ್ಲಿ ಗೆಲ್ಲುವ ಪಂದ್ಯಗಳನ್ನೇ ಪೋಣಿಸುತ್ತವೆ. ಅಂಥವಕ್ಕೆ ಟಿಕೆಟ್ ಅಗ್ಗ, ಮಕ್ಕಳನ್ನು ಕರೆದುಕೊಂಡು ಹೋಗೋಕೆ ಅದೇ ಸರಿ ಅಂತ ನಮ್ಮವರ ವಾದ. ಕರೆದುಕೊಂಡು ಹೋಗಲಿ, ನಾನು ಬರಲ್ಲ. ಮಗಳು ಎರಡನೇ ಕ್ವಾರ್ಟರ್‌ಗೇ ಫೋನ್ ಕೇಳುತ್ತಾಳೆ.