ಪೇಪರಿನಲ್ಲಿ ಹೇಳಿಯೇ ತೆರೆದ ಕ್ಯಾಂಪು: ದಾಖಾವ್‌ಗೆ ಹೋಗಿಬಂದದ್ದು

ಮ್ಯೂನಿಕ್‌ನಲ್ಲಿರುವ ಅಕ್ಕನ ಮನೆಗೆ ಊರಿಂದ ಯಾರೇ ಬಂದರೂ ತೋರಿಸುವ ಜಾಗಗಳ ಪಟ್ಟಿ ರೆಡಿ ಇರುತ್ತದೆ. ಮರೀನ್‌ಪ್ಲಾಟ್ಸ್, ಬಿಎಂಡಬ್ಲ್ಯೂ ಮ್ಯೂಸಿಯಂ, ನೋಯ್‌ಶ್ವಾನ್‌ಸ್ಟೈನ್ ಅರಮನೆ. ನಾಜಿಗಳ ಸೆರೆಶಿಬಿರವಿದ್ದ ದಾಖಾವ್ ಆ ಪಟ್ಟಿಯಲ್ಲಿ ಇಲ್ಲ. ಬಂದವರೇ ಬಾಯಿಬಿಟ್ಟು ಕೇಳಬೇಕು. ಈ ಸಲ ಕೇಳಿದ್ದು ನಮ್ಮ ಚಿಕ್ಕಪ್ಪ. ಪಾಂಡವಪುರದ ಕಡೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. "ಹಿಟ್ಲರ್ ಬಗ್ಗೆ ವರ್ಷ ವರ್ಷ ಪಾಠ ಮಾಡಿದೀನಿ ಕಣೋ. ಇಷ್ಟು ಹತ್ರ ಬಂದು ನೋಡ್ದೆ ಹೋಗೋದಾ?" ಅಂದರು. ಚಿಕ್ಕ ಮಕ್ಕಳನ್ನು ಕರೆತರಬೇಡಿ ಅಂತ ಸ್ಮಾರಕದವರೇ ಹೇಳುತ್ತಾರೆ. ಅದಕ್ಕೆ ಅಕ್ಕನ ಮಗನನ್ನು ಭಾವನ ಹತ್ತಿರ ಬಿಟ್ಟು ನಾವು ಮೂವರೇ ಹೊರಟೆವು.

ಹೋಗುವುದು ಬಹಳ ಸುಲಭ. ಮ್ಯೂನಿಕ್ ಮುಖ್ಯ ಸ್ಟೇಷನ್ನಿನಿಂದ ಎಸ್2 ಲೋಕಲ್ ಟ್ರೇನು, ಇಪ್ಪತ್ತು ಚಿಲ್ಲರೆ ನಿಮಿಷ. ಇಳಿದರೆ ಎದುರಿಗೇ 726 ನಂಬರಿನ ಬಸ್ಸು. ಬಸ್ಸು ಊರೊಳಗೇ ಹೋಗುತ್ತದೆ. ಬೇಕರಿ, ಸೂಪರ್ ಮಾರ್ಕೆಟ್, ಹೂಕುಂಡ ಇಟ್ಟ ಮನೆಗಳು. ಚಿಕ್ಕಪ್ಪನ ತಲೆಯಲ್ಲಿ ಇದ್ದದ್ದು ಎಲ್ಲೋ ಕಾಡಿನ ಮಧ್ಯೆ ಬಚ್ಚಿಟ್ಟ ಜಾಗ. "ಊರೊಳಗೇ ಇದೆಯಲ್ಲಮ್ಮ ಇದು!" ಅಂತ ಅಕ್ಕನ ಕಡೆ ತಿರುಗಿದರು.

ಬಚ್ಚಿಡುವ ಉದ್ದೇಶವೇ ನಾಜಿಗಳಿಗೆ ಇರಲಿಲ್ಲ. ಹಿಟ್ಲರ್ ಚಾನ್ಸಲರ್ ಆಗಿದ್ದು 1933ರ ಜನವರಿ 30ಕ್ಕೆ. ದಾಖಾವ್ ಕ್ಯಾಂಪು ಶುರುವಾಗಿದ್ದು ಅದೇ ವರ್ಷ ಮಾರ್ಚ್ 22ಕ್ಕೆ. ಎರಡು ತಿಂಗಳೂ ತುಂಬಿರಲಿಲ್ಲ. ಆಗ ಮ್ಯೂನಿಕ್ ಪೊಲೀಸಿನ ಮುಖ್ಯಸ್ಥನಾಗಿದ್ದ ಹಿಮ್ಲರ್ ಮುಂಚೆಯೇ ಪತ್ರಿಕೆಯವರಿಗೆ ಹೇಳಿದ್ದ. ಐದು ಸಾವಿರ ಜನರನ್ನು ಹಿಡಿಸುವ ಕ್ಯಾಂಪ್ ತೆರೆಯುತ್ತೇವೆ ಅಂತ ಪೇಪರಿನಲ್ಲಿ ಸುದ್ದಿ ಬಂತು. ಮೊದಲನೇ ಮಹಾಯುದ್ಧದ ಕಾಲದ ಮದ್ದುಗುಂಡಿನ ಕಾರ್ಖಾನೆ ಪಾಳು ಬಿದ್ದಿತ್ತು. ಅಲ್ಲಿಗೆ ಮೊದಲು ತಂದು ಕೂಡಿದ್ದು ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಾಟರಂಥ ವಿರೋಧಿಗಳನ್ನು. ಮ್ಯೂಸಿಯಂ ಒಳಗೆ ಆ ಸುದ್ದಿಯ ಮುಂದೆ ಚಿಕ್ಕಪ್ಪ ತುಂಬಾ ಹೊತ್ತು ನಿಂತರು. ನನಗೂ ಇಡೀ ಜಾಗದಲ್ಲಿ ಜಾಸ್ತಿ ತಟ್ಟಿದ್ದು ಅದೇ.

ಒಳಗೆ ಹೋಗಲು ಟಿಕೆಟ್ ಇಲ್ಲ. ಇಂಗ್ಲಿಷಿನಲ್ಲಿ ಗೈಡ್ ಜೊತೆ ಸುತ್ತುವುದಕ್ಕೆ ಸ್ವಲ್ಪ ದುಡ್ಡು. ಕೊಟ್ಟರೆ ನಷ್ಟವಿಲ್ಲ. ಎಲ್ಲರೂ ಮೊದಲು ನಿಲ್ಲುವುದು ಕಬ್ಬಿಣದ ಗೇಟಿನ ಹತ್ತಿರ. 'ದುಡಿಮೆಯಿಂದ ಬಿಡುಗಡೆ' ಎಂಬರ್ಥದ ಜರ್ಮನ್ ಮಾತನ್ನು ಕಬ್ಬಿಣದಲ್ಲೇ ಮಾಡಿ ಕೂರಿಸಿದ್ದಾರೆ. ಈಗ ಅಲ್ಲಿರುವುದು ನಕಲು. ಅಸಲಿ ಬಾಗಿಲನ್ನು 2014ರಲ್ಲಿ ಯಾರೋ ರಾತ್ರೋರಾತ್ರಿ ಕದ್ದೊಯ್ದಿದ್ದರು. ಎರಡು ವರ್ಷದ ಮೇಲೆ ಅದು ಸಿಕ್ಕಿದ್ದು ನಾರ್ವೆಯ ಬರ್ಗನ್ ಹತ್ತಿರ. ಈಗ ಮ್ಯೂಸಿಯಂ ಒಳಗೆ ಇಟ್ಟಿದ್ದಾರೆ. ಗೇಟಿನಲ್ಲಿ ಫೋಟೋ ತೆಗೆಯುವವರ ಸಾಲು ಇತ್ತು. ಫೋಟೋ ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ಎರಡು ಬೆರಳು ಎತ್ತಿ ನಗುತ್ತಾ ಪೋಸ್ ಕೊಡುವುದು ಅತಿಯಾಯಿತು. ಅಂಥವರೂ ಇದ್ದರು. ಬೇರೆ ಬೇರೆ ದೇಶದವರು, ನಮ್ಮವರೂ ಸೇರಿ.

ಗೇಟು ದಾಟಿದರೆ ಹಾಜರಿ ಮೈದಾನ. ದಿನಾ ಬೆಳಿಗ್ಗೆ, ಸಂಜೆ ಇಲ್ಲಿ ಕೈದಿಗಳ ಎಣಿಕೆ. ಮಳೆಯಿರಲಿ, ಹಿಮವಿರಲಿ, ಲೆಕ್ಕ ತಾಳೆಯಾಗುವ ತನಕ ಯಾರೂ ಅಲುಗಾಡುವ ಹಾಗಿರಲಿಲ್ಲ. ಈಗ ಅಲ್ಲಿ ಬರೀ ಜಲ್ಲಿ. ಒಂದು ಕಡೆ ನಾಂದೋರ್ ಗ್ಲಿದ್ ಮಾಡಿದ ಶಿಲ್ಪವಿದೆ. ಮುಳ್ಳುತಂತಿಗೆ ಸಿಕ್ಕಿಕೊಂಡ ಎಲುಬುಗೂಡುಗಳು. ಎದುರಿನ ದೊಡ್ಡ ಕಟ್ಟಡದಲ್ಲಿ ಆಗ ಅಡುಗೆಮನೆ, ಲಾಂಡ್ರಿ, ಉಗ್ರಾಣ ಇದ್ದವು. ಈಗ ಅದೇ ಮ್ಯೂಸಿಯಂ. ಹೊಸ ಕೈದಿಗಳು ಬಟ್ಟೆ, ವಾಚು, ಹೆಸರು ಎಲ್ಲ ಕೊಟ್ಟು ನಂಬರ್ ತೆಗೆದುಕೊಳ್ಳುತ್ತಿದ್ದ ಕೋಣೆಯೂ ಅಲ್ಲೇ. ಯಾರ ಬಟ್ಟೆಗೆ ಯಾವ ಬಣ್ಣದ ತ್ರಿಕೋನದ ಗುರುತು ಅಂತ ತೋರಿಸುವ ಪಟ್ಟಿ ಇದೆ. ರಾಜಕೀಯ ಕೈದಿಗೆ ಕೆಂಪು, ಸಲಿಂಗಿಗಳಿಗೆ ಗುಲಾಬಿ, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರಿಗೆ ನೇರಳೆ. ಅಂದವಾಗಿ ಗೆರೆ ಎಳೆದು ಮಾಡಿದ ಕೋಷ್ಟಕ. ಯಾವನೋ ಗುಮಾಸ್ತ ಸ್ಕೇಲ್ ಇಟ್ಟುಕೊಂಡು ಕೂತು ಮಾಡಿರಬೇಕಲ್ವಾ?

ಆ ಅಚ್ಚುಕಟ್ಟುತನ ಆಮೇಲೆ ಎಲ್ಲಿ ಹೋದರೂ ಕಣ್ಣಿಗೆ ಬೀಳತೊಡಗಿತು. ಕೈದಿಗಳ ಬ್ಯಾರಕ್‌ಗಳು ಈಗ ಇಲ್ಲ. ಎರಡನ್ನು ಮಾತ್ರ ಹೊಸದಾಗಿ ಕಟ್ಟಿದ್ದಾರೆ. ಉಳಿದವುಗಳ ಜಾಗದಲ್ಲಿ ಕಾಂಕ್ರೀಟ್ ಅಂಚು, ನಡುವೆ ಜಲ್ಲಿ, ಒಂದೊಂದಕ್ಕೂ ನಂಬರು. ಕಟ್ಟಿದ ಬ್ಯಾರಕ್ಕಿನ ಒಳಗೆ ಬೇರೆ ಬೇರೆ ಕಾಲದ ಮಂಚಗಳಿವೆ. ಮೊದಲ ವರ್ಷಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಕೊನೆಯ ವರ್ಷಗಳಲ್ಲಿ ಮೂರು ಅಂತಸ್ತಿನ ಉದ್ದ ಹಲಗೆ. ಇನ್ನೂರು ಜನಕ್ಕೆ ಅಂತ ಮಾಡಿದ ಬ್ಯಾರಕ್ಕಿಗೆ ಕೊನೆಗೆ ಎರಡು ಸಾವಿರದ ತನಕ ತುಂಬಿದ್ದರಂತೆ. ಬೆಳಿಗ್ಗೆ ಎದ್ದ ಕೂಡಲೇ ಹುಲ್ಲು ತುಂಬಿದ ಹಾಸಿಗೆಯನ್ನು ಬೆಂಕಿಪೊಟ್ಟಣದ ಹಾಗೆ ಮೂಲೆ ಚೂಪಾಗಿ ಸರಿಮಾಡಬೇಕು. ಹೊದಿಕೆಯ ಚೌಕಳಿ ಗೆರೆ ಪಕ್ಕದವನ ಗೆರೆಗೆ ಸಮ ಇರಬೇಕು. ನೆಲ ಹೊಳೆಯಬೇಕು. ತಟ್ಟೆಯ ಮೇಲೆ ನೀರಿನ ಕಲೆ ಕಂಡರೂ ಶಿಕ್ಷೆ. ಶಿಕ್ಷೆ ಅಂದರೆ ಇಪ್ಪತ್ತೈದು ಏಟು, ಇಲ್ಲವೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕಂಬಕ್ಕೆ ನೇತುಹಾಕುವುದು.

ಈ ನಿಯಮಗಳನ್ನು 1933ರಲ್ಲೇ ಬರೆದು ಜಾರಿಗೆ ತಂದವನು ಥಿಯೋಡೋರ್ ಐಕೆ, ಇಲ್ಲಿನ ಎರಡನೇ ಕಮಾಂಡೆಂಟ್. ಆಮೇಲೆ ಅವನನ್ನೇ ಎಲ್ಲ ಕ್ಯಾಂಪುಗಳ ಮೇಲ್ವಿಚಾರಕನನ್ನಾಗಿ ಮಾಡಿದರು. ಆಶ್ವಿಟ್ಜ್‌ನ ಕಮಾಂಡೆಂಟ್ ಆದ ರುಡಾಲ್ಫ್ ಹ್ಯೋಸ್ ಕೆಲಸ ಕಲಿತದ್ದೂ ದಾಖಾವ್‌ನಲ್ಲೇ.

ನಮ್ಮ ಹಿಂದೆ ಒಂದು ಸ್ಕೂಲಿನ ಹುಡುಗ ಹುಡುಗಿಯರ ಗುಂಪು ಬರುತ್ತಿತ್ತು. ಬವೇರಿಯಾದ ಶಾಲೆಗಳಿಂದ ಮಕ್ಕಳನ್ನು ಇಂಥ ಸ್ಮಾರಕಗಳಿಗೆ ಕರೆದುಕೊಂಡು ಬರುತ್ತಾರೆ. ಹಿಂದಿದ್ದ ಇಬ್ಬರು ಹುಡುಗರು ಏನೋ ಪಿಸುಗುಟ್ಟಿ ನಗುತ್ತಿದ್ದರು. ಟೀಚರ್ ಬೈಯಲಿಲ್ಲ, ಸುಮ್ನೆ ಅವರ ಪಕ್ಕ ಬಂದು ನಿಂತರು. "ನಾನಾಗಿದ್ರೆ ಒಂದು ಬಿಟ್ಟಿರ್ತಿದ್ದೆ" ಅಂದರು ಚಿಕ್ಕಪ್ಪ. ಸ್ವಲ್ಪ ದೂರ ನಡೆದ ಮೇಲೆ "ಆಯಮ್ಮ ಮಾಡಿದ್ದೇ ಸರಿ ಬಿಡು" ಅಂತ ತಾವೇ ಹೇಳಿದರು.

ಎರಡೂ ಕಡೆ ಪಾಪ್ಲರ್ ಮರಗಳಿರುವ ದಾರಿಯಲ್ಲಿ ಕೊನೆ ತನಕ ನಡೆದು, ಕಾಲುವೆ ದಾಟಿದರೆ ಹೆಣ ಸುಡುವ ಮನೆ. ಜನ ಜಾಸ್ತಿ ಸೇರುವುದು ಇಲ್ಲೇ. 1942–43ರಲ್ಲಿ ಕಟ್ಟಿದ ಕಟ್ಟಡ. ಒಂದು ಕೋಣೆಯ ಬಾಗಿಲ ಮೇಲೆ 'ಸ್ನಾನದ ಕೋಣೆ' ಅಂತ ಬರೆದಿದೆ. ಅದು ಗ್ಯಾಸ್ ಚೇಂಬರ್. ಲಕ್ಷಾಂತರ ಜನರನ್ನು ಇಲ್ಲೇ ಗ್ಯಾಸ್ ಬಿಟ್ಟು ಕೊಂದರು ಅಂದುಕೊಂಡು ಬರುವವರು ಬಹಳ. ಹಾಗಲ್ಲ. ಆ ಕೋಣೆಯನ್ನು ಸಾಮೂಹಿಕವಾಗಿ ಕೊಲ್ಲಲು ಬಳಸಲಿಲ್ಲ. ಕಾಯಿಲೆ ಬಿದ್ದ ಎರಡೂವರೆ ಸಾವಿರಕ್ಕೂ ಜಾಸ್ತಿ ಕೈದಿಗಳನ್ನು ಆಸ್ಟ್ರಿಯಾದ ಹಾರ್ಟ್‌ಹೈಮ್ ಕೋಟೆಗೆ ಸಾಗಿಸಿ ಅಲ್ಲಿ ಗ್ಯಾಸ್ ಬಿಟ್ಟು ಕೊಂದರು. ಇಲ್ಲಿ ಕೊಂದದ್ದು ಹಸಿವು, ದುಡಿತ, ಟೈಫಸ್, ಗುಂಡು. ಜೊತೆಗೆ ಡಾಕ್ಟರುಗಳು. ವಾಯುಪಡೆಗೆ ಉಪಯೋಗಕ್ಕೆ ಬರುತ್ತದೆ ಅಂತ ಕೈದಿಗಳನ್ನು ಹಿಮದ ನೀರಿನಲ್ಲಿ ಮುಳುಗಿಸಿಟ್ಟು ನೋಡಿದರು. ಮಲೇರಿಯಾ ಅಂಟಿಸಿ ನೋಡಿದರು. ಹನ್ನೆರಡು ವರ್ಷದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ ಈ ಕ್ಯಾಂಪಿಗೂ ಇದರ ಉಪ ಕ್ಯಾಂಪುಗಳಿಗೂ ಬಂದರು. ಸತ್ತವರು ಕಡಿಮೆಯೆಂದರೂ 41,500.

ಅದೇ ಕಟ್ಟಡದ ಗೋಡೆಯ ಮೇಲೆ ನಾಲ್ಕು ಹೆಣ್ಣುಮಕ್ಕಳ ಹೆಸರಿನ ಫಲಕವಿದೆ. ಬ್ರಿಟನ್ನಿನ ಗುಪ್ತ ದಳಕ್ಕೆ ಕೆಲಸ ಮಾಡುತ್ತಿದ್ದವರು. ಅದರಲ್ಲಿ ಒಂದು ಹೆಸರು ನೂರ್ ಇನಾಯತ್ ಖಾನ್. ಅಕ್ಕ ಇದನ್ನು ಮೊದಲೇ ಹೇಳಿರಲಿಲ್ಲ, ಬೇಕಂತಲೇ. ನೂರ್ ತಂದೆ ಬರೋಡಾದ ಸಂಗೀತಗಾರರ ಮನೆತನದ ಸೂಫಿ ಗುರು ಇನಾಯತ್ ಖಾನ್. ಆ ಇನಾಯತ್ ಖಾನರ ತಾಯಿಯ ಕಡೆಯವರು ಟಿಪ್ಪು ಸುಲ್ತಾನನ ವಂಶದವರು. ಶ್ರೀರಂಗಪಟ್ಟಣದ ಪಕ್ಕದ ಊರಿನವರಾದ ಚಿಕ್ಕಪ್ಪನಿಗೆ ಇದನ್ನು ಕೇಳಿ ಮಾತೇ ಹೊರಡಲಿಲ್ಲ. ನೂರ್ ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ಬೆಳೆದಿದ್ದು ಪ್ಯಾರಿಸ್ ಪಕ್ಕ. 1943ರ ಜೂನಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ನಾಜಿಗಳ ಕೈಯಲ್ಲಿದ್ದ ಫ್ರಾನ್ಸಿಗೆ ಹೋದರು. ಆ ಕೆಲಸಕ್ಕೆ ಬ್ರಿಟನ್ ಅಲ್ಲಿಗೆ ಕಳಿಸಿದ ಮೊದಲ ಹೆಣ್ಣುಮಗಳು. ಜೊತೆಯವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರೂ ವಾಪಸ್ ಬರಲಿಲ್ಲ. ಅಕ್ಟೋಬರಿನಲ್ಲಿ ಯಾರೋ ಹಿಡಿದುಕೊಟ್ಟರು. ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಬೇಡಿ ಹಾಕಿಟ್ಟರು. 1944ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ ತಂದು ಗುಂಡಿಕ್ಕಿದರು. ವಯಸ್ಸು ಮೂವತ್ತು. 1949ರಲ್ಲಿ ಬ್ರಿಟನ್ ಶೌರ್ಯಕ್ಕೆ ಕೊಡುವ ಜಾರ್ಜ್ ಕ್ರಾಸ್ ಪದಕ ಕೊಟ್ಟಿತು. ಚಿಕ್ಕಪ್ಪ ನಾಲ್ಕೂ ಹೆಸರನ್ನು ಡೈರಿಯಲ್ಲಿ ಕನ್ನಡದಲ್ಲೇ ಬರೆದುಕೊಂಡರು. ಫ್ರೆಂಚ್ ಹೆಸರುಗಳನ್ನು ಹೇಗೆ ಬರೆಯುವುದು ಅಂತ ಅಕ್ಕನನ್ನು ಕೇಳಿ ಕೇಳಿ.

ವಾಪಸ್ ನಡೆಯುವಾಗ ಅವರದು ಇನ್ನೊಂದು ಪ್ರಶ್ನೆ. "ಬ್ಯಾರಕ್ ಯಾಕೆ ಕೆಡವಿಬಿಟ್ರು? ಇದ್ದಿದ್ರೆ ಚೆನ್ನಾಗಿತ್ತಲ್ವಾ?" ಅದರ ಕಥೆ ನನಗೂ ಅಲ್ಲಿ ಓದಿಯೇ ಗೊತ್ತಾಗಿದ್ದು. 1945ರ ಏಪ್ರಿಲ್ 29ಕ್ಕೆ ಅಮೆರಿಕದ ಸೈನಿಕರು ಬಂದು ಬಿಡಿಸಿದರು. ಮೊದಲು ಕ್ಯಾಂಪು ನಡೆಸುತ್ತಿದ್ದ ನಾಜಿ ಪಡೆ ಎಸ್‌ಎಸ್‌ನವರನ್ನೇ ಇಲ್ಲಿ ಕೂಡಿಹಾಕಿ ವಿಚಾರಣೆ ನಡೆಸಿದರು. 1948ರಿಂದ ಪೂರ್ವದ ಕಡೆಯಿಂದ ಓಡಿಸಲ್ಪಟ್ಟ ಜರ್ಮನ್ ನಿರಾಶ್ರಿತರು ಅದೇ ಬ್ಯಾರಕ್‌ಗಳಲ್ಲಿ ಸಂಸಾರ ಹೂಡಿದರು. ಅಂಗಡಿ, ಶಾಲೆ ಎಲ್ಲ ಬಂತು. ಊರಿನವರಿಗೂ ಸರ್ಕಾರಕ್ಕೂ ಈ ಜಾಗ ಮರೆತರೆ ಸಾಕಾಗಿತ್ತು. ಬದುಕಿ ಉಳಿದ ಕೈದಿಗಳು ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಬೆನ್ನು ಬಿದ್ದಿದ್ದಕ್ಕೆ 1965ರಲ್ಲಿ ಸ್ಮಾರಕವಾಯಿತು. ಅಷ್ಟರಲ್ಲಿ ಹಳೇ ಬ್ಯಾರಕ್‌ಗಳು ಕುಸಿಯುವ ಹಾಗಾಗಿದ್ದವು. ಹೊಸದಾಗಿ ಕಟ್ಟಿದ್ದು ಸ್ವಲ್ಪ ಜಾಸ್ತಿಯೇ ಕ್ಲೀನಾಗಿದೆ ಅಂತ ನನಗೂ ಅನ್ನಿಸಿತು. ಮರದ ವಾಸನೆ ಬಿಟ್ಟರೆ ಬೇರೆ ವಾಸನೆಯಿಲ್ಲ.

ಹೋಗುವವರು ಅರ್ಧ ದಿನವಾದರೂ ಇಟ್ಟುಕೊಳ್ಳಿ. ಸಂಜೆ ಐದಕ್ಕೆ ಮುಚ್ಚುತ್ತಾರೆ. ಬಾಗಿಲ ಹತ್ತಿರ ಕ್ಯಾಂಟೀನ್ ಇದೆ. ನಾವು ಅಕ್ಕ ಕಟ್ಟಿಕೊಂಡು ಬಂದಿದ್ದ ಚಪಾತಿಯನ್ನು ಬಸ್ ಸ್ಟಾಪಿನಲ್ಲಿ ಕೂತು ತಿಂದೆವು. ಕಾಲಲ್ಲಿ ಶಕ್ತಿಯಿದ್ದರೆ ಎರಡು ಕಿಲೋಮೀಟರ್ ಆಚೆಗಿನ ಹೆಬರ್ಟ್ಸ್‌ಹೌಸನ್‌ಗೂ ಹೋಗಿ. 1941–42ರಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಸೋವಿಯತ್ ಯುದ್ಧ ಕೈದಿಗಳಿಗೆ ಎಸ್‌ಎಸ್‌ನವರು ಗುಂಡಿಕ್ಕಿದ ಜಾಗ ಅದು. ಗೊತ್ತಾದವರ ಹೆಸರುಗಳನ್ನು 2014ರಲ್ಲಿ ಅಲ್ಲಿ ಹಾಕಿದ್ದಾರೆ. ಟೂರಿಸ್ಟ್ ಗುಂಪುಗಳು ಆ ಕಡೆ ತಲೆ ಹಾಕುವುದು ಕಡಿಮೆ. ಚಿಕ್ಕಪ್ಪನಿಗೆ ಮಂಡಿನೋವು. ಹಾಗಾಗಿ ಅವರನ್ನು ಅಕ್ಕನ ಜೊತೆ ಬಸ್ಸು ಹತ್ತಿಸಿ, ಆ ದಾರಿಯಲ್ಲಿ ನಾನೊಬ್ಬನೇ ನಡೆದೆ.