ಕರುಳಿನ ತಂತಿಯ ಜೊತೆ ಚೌಕಾಸಿ

ಕಛೇರಿ ಶುರುವಾಗಲು ಇನ್ನೂ ಒಂದೂವರೆ ಗಂಟೆ ಇತ್ತು. ವೇದಿಕೆಯ ಹಿಂದಿನ ಕೋಣೆಯಲ್ಲಿ ನನ್ನ ಗೆಳತಿ ನೇಲ್ ಕಟರ್ ಹಿಡಿದು ಕೂತಿದ್ದಳು. ಉಗುರು ಕತ್ತರಿಸ್ತಾ ಇರಲಿಲ್ಲ. ವಾದ್ಯದ ತಂತಿಯಿಂದ ಎದ್ದು ನಿಂತ, ಕೂದಲಿಗಿಂತ ಸಣ್ಣ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಅಷ್ಟೇ ತಾನೇ ಅಂತ ನಾನು ಕೈಯಲ್ಲೇ ಒಂದನ್ನು ಕೀಳಲು ಹೋದೆ. "ಏಯ್, ಎಳೀಬೇಡ! ಎಳೆದರೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತೆ" ಅಂತ ಕೈ ತಳ್ಳಿದಳು.

ತಂತಿ ಅಂದೆ, ಆದರೆ ಅದು ಲೋಹದ್ದಲ್ಲ. ಕುರಿಯ ಕರುಳನ್ನು ಹುರಿ ಮಾಡಿ ತಯಾರಿಸಿದ್ದು. ಅವಳ ಗುಂಪಿನಲ್ಲಿ ಎಂಟು ಜನ. ನುಡಿಸುವುದು 16ರಿಂದ 18ನೇ ಶತಮಾನದ ಯುರೋಪಿನ ಸಂಗೀತ, ಅದೂ ಆ ಕಾಲದ ವಾದ್ಯಗಳಲ್ಲೇ. ಒಂದೆರಡು ನಿಜವಾಗಿಯೂ ಹಳೆಯವು, ಮಿಕ್ಕವು ಮ್ಯೂಸಿಯಂನಲ್ಲಿರುವ ವಾದ್ಯಗಳ ಅಳತೆ ತೆಗೆದು ಈಗ ಮಾಡಿಸಿದವು. ಇಂಥವರೆಲ್ಲ ಭಾರೀ ಮಡಿವಂತರು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಅನ್ನುವವರು ಅಂತ ನಾನು ಅಂದುಕೊಂಡಿದ್ದೆ. ಒಂದಿಡೀ ದಿನ ಜೊತೆಗಿದ್ದು ನೋಡಿದೆ. ಬೆಳಗ್ಗೆಯಿಂದ ರಾತ್ರಿಯವರೆಗೆ ಇವರು ಮಾಡುವುದು ಬರೀ ಚೌಕಾಸಿ.

ಗೆಳತಿ ನುಡಿಸುವುದು ವಿಯೋಲಾ ಡ ಗಾಂಬಾ. ಗಾಂಬಾ ಅಂದರೆ ಇಟಾಲಿಯನ್‌ನಲ್ಲಿ ಕಾಲು, ಎರಡು ಕಾಲಿನ ನಡುವೆ ಹಿಡಿದು ನುಡಿಸುವುದರಿಂದ ಆ ಹೆಸರು. ಯಾರಾದರೂ ಅದನ್ನು ಚೆಲ್ಲೋ ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಚೆಲ್ಲೋಗೆ ನಾಲ್ಕು ತಂತಿ, ಇದಕ್ಕೆ ಆರು, ಫ್ರೆಂಚ್ ಮಾದರಿಯಲ್ಲಿ ಏಳೂ ಇರುತ್ತವೆ. ಕಮಾನನ್ನು ಅಂಗೈ ಮೇಲ್ಮುಖ ಮಾಡಿ ಕೆಳಗಿನಿಂದ ಹಿಡಿಯಬೇಕು. ನೆಲಕ್ಕೆ ಊರಲು ಕಡ್ಡಿ ಇಲ್ಲ, ವಾದ್ಯದ ಭಾರವೆಲ್ಲ ಮೀನಖಂಡದ ಮೇಲೆ. ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವಲ್ಲ, ಇಲ್ಲಿ ಮೆಟ್ಟಿಲು ಅಂದರೆ ಕುತ್ತಿಗೆಯ ಸುತ್ತ ಬಿಗಿದು ಕಟ್ಟಿದ ಕರುಳಿನ ದಾರ. ಅಂದು ಒಂದು ಸವೆದು ಹೋಗಿತ್ತು. ಹೊಸ ದಾರ ಸುತ್ತಿ ಗಂಟು ಹಾಕಿದಳು, ಮಿಕ್ಕಿದ್ದನ್ನು ಕತ್ತರಿಸಿದಳು, ತುದಿಗೆ ಲೈಟರ್ ಹಿಡಿದಳು. ತುದಿ ಉಬ್ಬಿ ಸಾಸಿವೆ ಕಾಳಿನಷ್ಟು ಗುಂಡಗಾಯಿತು, ಗಂಟು ಇನ್ನು ಜಾರುವುದಿಲ್ಲ. ಕೋಣೆ ತುಂಬ ಸುಟ್ಟ ಕೂದಲಿನ ವಾಸನೆ. ಯಾರೂ ತಲೆ ಎತ್ತಿಯೂ ನೋಡಲಿಲ್ಲ.

ಆಮೇಲೆ ಆ ಮೆಟ್ಟಿಲನ್ನು ಬೆರಳಲ್ಲಿ ಚೂರು ಚೂರೇ ಸರಿಸುತ್ತಾ ಕೂತಳು. ಕಟ್ಟಿದ್ದರಿಂದಲೇ ಅದನ್ನು ಸರಿಸಬಹುದು, ಸ್ವರಸ್ಥಾನವನ್ನು ಬೇಕಾದ ಕಡೆ ಕೂರಿಸಬಹುದು. ಒಳ್ಳೆಯದೇ ಅಲ್ವಾ? ಆದರೆ ತಾನಾಗಿಯೂ ಸರಿಯುತ್ತದೆ ನೋಡಿ, ಅದೇ ತೊಂದರೆ.

ಕರುಳಿಗೆ ಗಾಳಿಯಲ್ಲಿನ ತೇವ ತಾಗಿದರೆ ಸಾಕು, ಶ್ರುತಿ ಹೋಯಿತು. ಒಣಗಿದರೂ ಹೋಯಿತು, ಬಿಸಿ ದೀಪ ಹತ್ತಿಸಿದರೂ ಹೋಯಿತು. ಇದು ಗಾಂಬಾದ ಕಥೆ. ಪಕ್ಕದಲ್ಲಿದ್ದ ಥಿಯೋರ್ಬೋ ನೋಡಿ ನನಗೆ ಅಯ್ಯೋ ಪಾಪ ಅನ್ನಿಸಿತು. ಅದು ಲ್ಯೂಟ್ ಅನ್ನುವ ಮೀಟುವ ತಂತಿವಾದ್ಯದ ಕುಟುಂಬದ ದೊಡ್ಡಣ್ಣ, ನಿಲ್ಲಿಸಿದರೆ ಆಳೆತ್ತರ, ಮಂದ್ರದ ತಂತಿಗಳಿಗಾಗಿಯೇ ಉದ್ದಕ್ಕೆ ಚಾಚಿದ ಇನ್ನೊಂದು ಕುತ್ತಿಗೆ, ಒಟ್ಟು ಹದಿನಾಲ್ಕು ತಂತಿ. ಲ್ಯೂಟ್ ನುಡಿಸುವವನಿಗೆ ಎಂಬತ್ತು ವರ್ಷ ಆಗಿದ್ದರೆ ಅದರಲ್ಲಿ ಅರವತ್ತು ವರ್ಷ ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಅಂತ ಮಾಥೆಸನ್ ಅನ್ನುವ ಜರ್ಮನ್ ಸಂಗೀತಗಾರ 1713ರಲ್ಲೇ ಗೇಲಿ ಮಾಡಿದ್ದ. ಇದನ್ನು ನನಗೆ ಹೇಳಿದ್ದೂ ಆ ಥಿಯೋರ್ಬೋ ನುಡಿಸುವವನೇ. ಹೇಳುವಾಗಲೂ ಬಿರಡೆ ತಿರುಗಿಸುತ್ತಲೇ ಇದ್ದ.

ಅದು ಸರಿ, ಯಾವ ಶ್ರುತಿಗೆ ಸೇರಿಸುವುದು? ಈಗಿನ ಆರ್ಕೆಸ್ಟ್ರಾಗಳಲ್ಲಿ ಎ ಅನ್ನುವ ಸ್ವರಕ್ಕೆ ಸೆಕೆಂಡಿಗೆ 440 ಕಂಪನದ ಲೆಕ್ಕ. ಹಳೆ ವಾದ್ಯದವರು 18ನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನಂಥವರ ಸಂಗೀತಕ್ಕೆ ಅದನ್ನು 415ಕ್ಕೆ ಇಳಿಸಿಕೊಳ್ಳುತ್ತಾರೆ. ಬಾಖ್ ಕಾಲದಲ್ಲಿ ಎಲ್ಲ ಕಡೆ 415 ಇತ್ತು ಅಂತಲೇ ನಾನು ನಂಬಿದ್ದೆ. ಎಲ್ಲಿಯದು! ಆಗ ಊರಿಗೊಂದು ಶ್ರುತಿ. ಒಂದೇ ಊರಿನಲ್ಲಿ ಚರ್ಚಿನ ಆರ್ಗನ್ನಿಗೆ ಒಂದು, ಕೋಣೆಯೊಳಗೆ ನುಡಿಸುವವರಿಗೆ ಇನ್ನೊಂದು ಇರುತ್ತಿತ್ತು. 415 ಅನ್ನುವುದು ನಮ್ಮ ಕಾಲದವರು ಅನುಕೂಲಕ್ಕೆ ಒಪ್ಪಿಕೊಂಡ ಲೆಕ್ಕ. ಅದು 440ಕ್ಕಿಂತ ಹೆಚ್ಚುಕಮ್ಮಿ ಸರಿಯಾಗಿ ಅರ್ಧ ಸ್ವರ ಕೆಳಗೆ. ಹಾಗಾಗಿ ಹಾರ್ಪ್ಸಿಕಾರ್ಡ್ ಅನ್ನುವ, ಪಿಯಾನೋದಂತೆ ಕಾಣುವ ಆದರೆ ತಂತಿ ಮೀಟುವ ವಾದ್ಯದ ಕೀಬೋರ್ಡನ್ನೇ ಒಂದು ಮನೆಯಷ್ಟು ಪಕ್ಕಕ್ಕೆ ಜರುಗಿಸಿದರೆ 440ರಿಂದ 415ಕ್ಕೆ ಬಂದ ಹಾಗೆ. ಅಂಥ ಅನುಕೂಲವಿರುವ ಹಾರ್ಪ್ಸಿಕಾರ್ಡ್‌ಗಳನ್ನೇ ಈಗ ಮಾಡಿಸುತ್ತಾರೆ. ಇದನ್ನು ಕೇಳಿ ನನಗೆ ನಗು ಬಂತು, ಯಾಕೋ ಸಮಾಧಾನವೂ ಆಯಿತು.

ಇವರ ಕಷ್ಟ ವಾದ್ಯದ್ದು ಮಾತ್ರ ಅಲ್ಲ. ವಾದ್ಯ ಮ್ಯೂಸಿಯಂನಲ್ಲಿ ಉಳಿಯಿತು. ಚಿತ್ರ ಉಳಿಯಿತು, 1620ರಲ್ಲಿ ಪ್ರಿಟೋರಿಯಸ್ ಅನ್ನುವ ಜರ್ಮನ್ ಸಂಗೀತಗಾರ ಅಚ್ಚು ಹಾಕಿಸಿದ ವಾದ್ಯಗಳ ಚಿತ್ರಗಳಲ್ಲಂತೂ ಅಳತೆಪಟ್ಟಿಯೂ ಇದೆ. ಪುಸ್ತಕ ಉಳಿಯಿತು. ಆದರೆ ಎದುರಿಗೆ ಕೂರಿಸಿಕೊಂಡು ಹೇಳಿಕೊಡುವವರು ಉಳಿಯಲಿಲ್ಲ. ಕಾರ್ನೆಟ್ಟೋ ಅನ್ನುವ ಊದುವ ವಾದ್ಯವನ್ನೇ ತಗೊಳ್ಳಿ. ಬಾಗಿದ ಮರದ ಕೊಳವೆ, ಮೇಲೆ ಕಪ್ಪು ಚರ್ಮದ ಹೊದಿಕೆ, ಕೊಳಲಿನಂತೆ ತೂತು, ತುದಿಗೆ ತುತ್ತೂರಿಯದರಂಥ ಆದರೆ ಪುಟಾಣಿ ಬಾಯಿ. ಒಂದು ಕಾಲದಲ್ಲಿ ಮನುಷ್ಯರ ಕಂಠಕ್ಕೆ ತೀರಾ ಹತ್ತಿರದ ದನಿ ಇದರದ್ದು ಅಂತ ಹೊಗಳುತ್ತಿದ್ದರು. ಆಮೇಲೆ ಬಳಕೆ ತಪ್ಪಿತು. ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡವರು ತಡಕಾಡಿಯೇ ಕಲಿತರು. ನನಗೂ ಊದಲು ಕೊಟ್ಟರು. ಹತ್ತು ನಿಮಿಷ ಒದ್ದಾಡಿದೆ. ಗಾಳಿ ಬಂತು, ಎಂಜಲು ಬಂತು, ದನಿ ಬರಲಿಲ್ಲ.

ಈ ತಡಕಾಟದ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಇಂಗ್ಲೆಂಡಿನಲ್ಲಿ ಹಳೆಯ ವಾದ್ಯಗಳನ್ನು ಮತ್ತೆ ಮಾಡಿ ನುಡಿಸಿದ ಅರ್ನಾಲ್ಡ್ ಡಾಲ್ಮೆಚ್ ಅವರದ್ದು. 1919ರಲ್ಲಿ ಅವರ ಮನೆಯ ಹಳೆಯ ರೆಕಾರ್ಡರ್ (ನೆಟ್ಟಗೆ ಹಿಡಿದು ಊದುವ ಕೊಳಲು) ಇದ್ದ ಚೀಲವನ್ನು ಮಗ ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಲ್ಲಿ ಮರೆತು ಬಂದ. ಅಳುತ್ತಾ ಕೂರದೆ, ಬರೆದಿಟ್ಟುಕೊಂಡಿದ್ದ ಅಳತೆ ಹಿಡಿದು ತಾವೇ ಹೊಸದು ಮಾಡಲು ಕೂತರು. ಈಗ ಅದೆಷ್ಟೋ ಮಕ್ಕಳು ಶಾಲೆಯಲ್ಲಿ ರೆಕಾರ್ಡರ್ ಊದಿ ಮನೆಯವರ ತಲೆ ತಿನ್ನುತ್ತಾರಲ್ಲ, ಅದರ ಒಂದು ಎಳೆ ಆ ಚೀಲಕ್ಕೇ ಹೋಗಿ ಮುಟ್ಟುತ್ತದೆ. ವಿಯೆನ್ನಾದ ಚೆಲ್ಲೋ ವಾದಕ ಹಾರ್ನೊನ್‌ಕೂರ್ ದಾರಿ ಬೇರೆ. 1953ರಲ್ಲಿ ಹಳೆ ವಾದ್ಯಗಳ ಗುಂಪು ಕಟ್ಟಿದರು, ಮೊದಲ ಸಾರ್ವಜನಿಕ ಕಛೇರಿ ಕೊಟ್ಟಿದ್ದು 1957ರಲ್ಲಿ. ನಾಲ್ಕು ವರ್ಷ ಬರೀ ತಾಲೀಮು!

ಇಷ್ಟೆಲ್ಲ ಮಾಡಿದರೂ ನಿಮ್ಮದು ಹಳೆಯ ಕಾಲದ ದನಿ ಅಲ್ಲ, ಈ ಕಾಲದ ರುಚಿ ಅಂತ ಟಾರಸ್ಕಿನ್ ಥರದ ವಿಮರ್ಶಕರು ಚೆನ್ನಾಗಿಯೇ ಝಾಡಿಸಿದ್ದಾರೆ. ನನಗೂ ಅದು ನಿಜ ಅನ್ನಿಸುತ್ತದೆ. ಹಾಗಂತ ಇವರು ಸುಮ್ನೆ ವೇಷ ಹಾಕಿದವರು ಅಂತ ಅಲ್ಲ. ತಾಲೀಮಿನಲ್ಲಿ ಹಾರ್ಪ್ಸಿಕಾರ್ಡ್ ನುಡಿಸುವವನ ಹಾಳೆ ಇಣುಕಿ ನೋಡಿದೆ. ಎಡಗೈಯ ಒಂದು ಸಾಲು, ಅದರ ಜೊತೆ 6, 7 ಅಂತ ಅಲ್ಲೊಂದು ಇಲ್ಲೊಂದು ಅಂಕಿ. ಬಲಗೈಗೆ ಏನೂ ಬರೆದೇ ಇಲ್ಲ. ಅಂಕಿ ನೋಡಿ ಅವನೇ ಅಲ್ಲಲ್ಲೇ ಕಟ್ಟಿಕೊಂಡು ಹೋಗಬೇಕು. ಥಿಯೋರ್ಬೋದವನಿಗೂ ಅದೇ ಹಾಳೆ. ಇಬ್ಬರೂ ಒಂದೇ ಕಡೆ ತುಂಬಿಸಿದರೆ ಗದ್ದಲ, ಇಬ್ಬರೂ ಬಿಟ್ಟರೆ ಬೋಳು. "ಇಲ್ಲಿ ನೀನು ಜಾಸ್ತಿ ಆದೆ." "ನೀನು ಬಿಟ್ಟೆಯಲ್ಲ, ಅದಕ್ಕೆ." ಆ ಎಂಟು ಸಾಲಿಗೆ ಮುಕ್ಕಾಲು ಗಂಟೆ ಜಗಳ. ಮುನ್ನೂರು ವರ್ಷದ ಹಿಂದೆಯೂ ಹೀಗೇ ಕಿತ್ತಾಡಿರಬೇಕು, ಅಷ್ಟಾದರೂ ಆ ಕಾಲದ್ದೇ ಇರಲಿ ಬಿಡಿ.

ರಾತ್ರಿ ಕಛೇರಿ ಚೆನ್ನಾಗಿಯೇ ಆಯಿತು. ದನಿ ಎಷ್ಟು ಸಣ್ಣದು ಅಂದರೆ ಮೊದಲ ಐದು ನಿಮಿಷ ಕಿವಿ ನಿಮಿರಿಸಿ ಕೂರಬೇಕಾಯಿತು, ಆಮೇಲೆ ಕಮಾನು ತಂತಿಯನ್ನು ಕಚ್ಚುವ ಸದ್ದೂ ಕೇಳಿಸತೊಡಗಿತು. ವಿರಾಮದಲ್ಲಿ ಎಲ್ಲರೂ ಎದ್ದು ಹೊರಗೆ ಹೋದರು. ಹಾರ್ಪ್ಸಿಕಾರ್ಡಿನವನು ಮಾತ್ರ ಬೆನ್ನು ಬಗ್ಗಿಸಿಕೊಂಡು ಮತ್ತೆ ಶ್ರುತಿ ಮಾಡುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಹತ್ತಿರ ಹೋಗಿ, "ಇನ್ನೂ ಸರಿ ಹೋಗಿಲ್ವಾ?" ಅಂತ ಕೇಳಿದರು.

"ಸಂಜೆ ಸರಿಯಾಗೇ ಇತ್ತು ಸಾರ್" ಅಂದ ಅವನು, ತಲೆ ಎತ್ತದೆ. "ಆಮೇಲೆ ನೀವೆಲ್ಲ ಬಂದು ಉಸಿರಾಡೋಕೆ ಶುರು ಮಾಡಿದ್ರಲ್ಲ."