ಲಾ ಓದಿ ಏನುಪಯೋಗ ಅಂದ್ರೆ

ಇವತ್ತು ಫ್ರೆಂಡ್ ಒಬ್ಳು ಹೊಸ ಕೆಲಸದ ಅಗ್ರಿಮೆಂಟ್ ಕಳಿಸಿ "ಸೈನ್ ಮಾಡ್ಲಾ, ಒಂದ್ಸಲ ನೋಡೇ" ಅಂದ್ಲು. ಸಂಬಳದ ಪುಟ ಅವಳೇ ನೋಡ್ಕೊಂಡಿದ್ಲು, ನನ್ನ ಕಣ್ಣು ಹೋಗಿ ನಿಂತಿದ್ದು ಕೊನೆ ಕಡೆಯ ಒಂದು ಸಾಲಿನ ಮೇಲೆ. ಕೆಲಸ ಬಿಡೋಕೆ ಅವಳು ಮೂರು ತಿಂಗಳು ಮುಂಚೆ ಹೇಳ್ಬೇಕು, ಕಂಪನಿ ಮಾತ್ರ "ತನಗೆ ಸೂಕ್ತ ಕಂಡಾಗ" ತೆಗೀಬಹುದು. ಸೂಕ್ತ ಕಂಡಾಗ ಅಂತೆ! ಯಾರಿಗೆ, ಯಾವಾಗ, ಏನ್ ಕಾರಣಕ್ಕೆ, ಒಂದೂ ಇಲ್ಲ.

ಕೋರ್ಟಿಗೇ ಹೋಗದೆ ಇರೋಳಿಗೆ ಲಾ ಡಿಗ್ರಿ ಯಾಕೆ ಅಂತ ಕೇಳೋರು ಇದಾರೆ. ಸೆಕ್ಷನ್ ನಂಬರ್‌ಗಳು ನಂಗೂ ಮುಕ್ಕಾಲು ಮರೆತೋಗಿವೆ, ಬೇಕಾದ್ರೆ ಹುಡುಕಿದ್ರೆ ಸಿಗುತ್ತೆ ಬಿಡಿ. ಆದ್ರೆ ಜಿಂಜರ್ ಬಿಯರ್ ಬಾಟಲಿಯಲ್ಲಿ ಬಸವನಹುಳ ಇತ್ತು ಅನ್ನೋ ಆ 1932ರ ಬ್ರಿಟನ್ನಿನ ಡೊನೊಹ್ಯೂ ಕೇಸನ್ನ ಕ್ಲಾಸಲ್ಲಿ ಎಷ್ಟು ಎಳೆದಾಡಿದ್ವಿ ಅಂದ್ರೆ, ದುಡ್ಡು ಕೊಟ್ಟಿದ್ದು ಒಬ್ರು, ಕುಡಿದಿದ್ದು ಇನ್ನೊಬ್ರು, ಹಂಗಾದ್ರೆ ತಯಾರಿಸಿದವನು ಯಾರಿಗೆ ಜವಾಬ್ದಾರ ಅಂತ, ಆ ಚಾಳಿ ಇನ್ನೂ ಬಿಟ್ಟಿಲ್ಲ. ಯಾವ ಕಾಗದ ಬಂದ್ರೂ ಮೊದ್ಲು ನೋಡೋದು, ಎಡವಟ್ಟಾದ್ರೆ ಯಾರ ತಲೆಗೆ ಬರುತ್ತೆ ಅಂತಾನೇ.

ಮನೇಲಿ ಇದಕ್ಕೆ ವಾದ ಮಾಡೋ ಚಟ ಅಂತಾರೆ, ಇರ್ಲಿ.

ಈ ವರ್ಷ ಲಾಗೆ ಸೇರೋರು ಕಾಂಟ್ರಾಕ್ಟ್, ಟಾರ್ಟ್ (ಒಪ್ಪಂದ ಇಲ್ದಿದ್ರೂ ಇನ್ನೊಬ್ರಿಗೆ ಹಾನಿ ಮಾಡಿದ್ರೆ ಯಾರು ಹೊಣೆ ಅನ್ನೋ ಕಾನೂನು) ಕ್ಲಾಸ್ ಮಾತ್ರ ಬಂಕ್ ಹೊಡೀಬೇಡಿ, ಉಳಿದಿದ್ದು ಹೆಂಗೋ ಆಗುತ್ತೆ.